ಪಂಚರ ರುಜು

(ಕಾಖಂಡಕಿಯಲ್ಲಿ ಮಾಡಿದ ಭಾಷಣ)

ಕಾಖಂಡಕಿಯ ಹಿರಿಯರೆ, ತಾಯಂದಿರೆ, ವಿಜಯಪುರದಿಂದ ಬಂದ ಗಿರಣಿ ಕಾಮಗಾರ ಬಂಧುಗಳೆ, ಬಾಜಾರದ ಅಂಗಡಿಕಾರ ಮಿತ್ರರೆ,

ಇವತ್ತು ನಾನು ತೆಗೆದುಕೊಂಡ ವಿಷಯ ಶುಭವಾದುದಲ್ಲ. ಹೆಣದ ಮುಂದೆ ಕೂತು ಬರೆಯುವ ಕಾಗದದ ವಿಷಯ. ಪಂಚನಾಮೆ ಎಂದರೆ ನಮ್ಮ ಕಡೆ ಸಣ್ಣ ಹುಡುಗನಿಗೂ ಗೊತ್ತು. ಆದರೆ ಅದರಲ್ಲಿ ಏನು ಬರೆದಿದೆ ಎಂದು ರುಜು ಮಾಡಿದವನನ್ನೇ ಕೇಳಿ ನೋಡಿರಿ, "ಫೌಜದಾರರು ಬರೆದಿದ್ದರು, ನಾನು ರುಜು ಮಾಡಿದೆ" ಎನ್ನುತ್ತಾನೆ. ಈ ಒಂದು ಮಾತಿನ ಸಲುವಾಗಿಯೇ ನಾನು ಇಲ್ಲಿ ನಿಂತಿದ್ದೇನೆ.

ಕಾಯಿದೆ ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡೋಣ. ಯಾವ ಸಾವಿಗೆ ಪಂಚನಾಮೆ ಆಗಬೇಕು? ತಾನೇ ಜೀವ ತೆಗೆದುಕೊಂಡವನು, ಇನ್ನೊಬ್ಬನಿಂದ ಸತ್ತವನು, ಪ್ರಾಣಿಯಿಂದ ಸತ್ತವನು, ಯಂತ್ರದಿಂದ ಸತ್ತವನು, ಅಪಘಾತದಿಂದ ಸತ್ತವನು, ಇಲ್ಲವೆ ಯಾರೋ ಅಪರಾಧ ಮಾಡಿದ್ದಾರೆಂದು ಸಂಶಯ ಬರುವಂಥ ರೀತಿಯಲ್ಲಿ ಸತ್ತವನು. ಇಂಗ್ಲಿಷರ 1898ರ ಕಾಯಿದೆಯಲ್ಲಿ ಈ ಮಾತು ಇತ್ತು. 1973ರ ಕಾಯಿದೆಯ 174ನೆಯ ಕಲಮಿನಲ್ಲಿ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಕಲಮಿನಲ್ಲಿಯೂ ಇದೆ. ನಂಬರು ಬದಲಾಯಿತು, ಮಾತು ಬದಲಾಗಲಿಲ್ಲ.

ಪ್ರಾಣಿ, ಯಂತ್ರ ಎಂಬ ಎರಡು ಶಬ್ದಗಳನ್ನು ಗಮನಿಸಿರಿ. ನಿಮ್ಮೂರ ಕಾರಹುಣ್ಣಿಮೆಯ ಕರಿ ನೋಡಲು ಸುತ್ತಿನ ಹಳ್ಳಿಗಳೆಲ್ಲ ಸೇರುತ್ತವೆ. ಹೋರಿಯ ಕೋಡಿನೆದುರು ನಿಂತವನಿಗೆ ಏನಾಗಬಹುದೆಂದು ನಾನು ನಿಮಗೆ ಹೇಳಬೇಕಾಗಿಲ್ಲ. ಇನ್ನು ಹತ್ತಿಯ ಜಿನ್ನಿನಲ್ಲಿ, ಎಣ್ಣೆ ಗಿರಣಿಯಲ್ಲಿ ದುಡಿದವರಿಗೆ ಪಟ್ಟಾ ಧೋತರದ ಚುಂಗು ಹಿಡಿದರೆ ಏನಾಗುತ್ತದೆಂದು ಗೊತ್ತು. ಅಂದರೆ ಈ ಕಲಮು ದೂರದ ಯಾರಿಗೋ ಬರೆದದ್ದಲ್ಲ. ಒಕ್ಕಲಿಗನಿಗೂ ಗಿರಣಿಯವನಿಗೂ ಒಟ್ಟಿಗೇ ಬರೆದದ್ದು.

ಈಗ ಹಿಂದಿನ ಕಥೆ. ನಮ್ಮ ಈ ಭಾಗ ಮುಂಬಯಿ ಇಲಾಖೆಯಲ್ಲಿತ್ತು. ಜಿಲ್ಲೆಯ ಕಚೇರಿ ಆಗ ವಿಜಾಪುರದಲ್ಲಿರಲಿಲ್ಲ, ಕೃಷ್ಣೆಯ ಆಚೆ ಕಲಾದಗಿಯಲ್ಲಿತ್ತು. ವಿಜಾಪುರಕ್ಕೆ ಬಂದದ್ದು 1885ರಲ್ಲಿ. ಮುಂಬಯಿ ಸರಕಾರ 1867ರಲ್ಲಿ ಗ್ರಾಮ ಪೊಲೀಸ್ ಕಾಯಿದೆ ಮಾಡಿತು. ಊರಲ್ಲಿ ಯಾರಾದರೂ ಅಕಸ್ಮಾತ್ತಾಗಿ ಇಲ್ಲವೆ ಅಸಹಜವಾಗಿ ಸತ್ತರೆ, ಎಲ್ಲಾದರೂ ಹೆಣ ಸಿಕ್ಕರೆ, ಪೊಲೀಸ್ ಪಾಟೀಲನು ತಕ್ಷಣ ಊರಿನ ಇಲ್ಲವೆ ನೆರೆಯ ತಿಳುವಳಿಕೆಯುಳ್ಳ ಇಬ್ಬರನ್ನೋ ಹೆಚ್ಚು ಜನರನ್ನೋ ಕೂಡಿಸಿ ವಿಚಾರಣೆ ಮಾಡಿ, ಬರೆದು, ಪೊಲೀಸರಿಗೆ ಮುಟ್ಟಿಸಬೇಕು. ಸಂಶಯ ಕಂಡರೆ ಹೆಣವನ್ನು ಸಿವ್ಹಿಲ್ ಸರ್ಜನ್ನರ ಕಡೆಗೆ, ಇಲ್ಲವೆ ಸರಕಾರ ನೇಮಿಸಿದ ಬೇರೆ ವೈದ್ಯರ ಕಡೆಗೆ ಕಳಿಸಬೇಕು, ಹೆಣ ಕಳಿಸುವ ಸ್ಥಿತಿಯಲ್ಲಿದ್ದರೆ ಮಾತ್ರ. ನಮ್ಮ ಚೈತ್ರ ವೈಶಾಖದ ಬಿಸಿಲು, ಎರೆಮಣ್ಣಿನ ದಾರಿ, ಚಕ್ಕಡಿಯ ನಡಿಗೆ ಲೆಕ್ಕ ಹಾಕಿರಿ. "ಸ್ಥಿತಿಯಲ್ಲಿದ್ದರೆ" ಎಂಬ ಒಂದು ಮಾತಿನ ಬಾಗಿಲಿನಿಂದ ಎಷ್ಟು ಖೂನಿಗಳು ಹೊರಗೆ ಹೋಗಿರಬಹುದು!

ಕಾಯಿದೆ ಕಾಗದದ ಮೇಲೆ ಕೆಟ್ಟದ್ದಲ್ಲ. ಊರಿನ ಸಾವಿಗೆ ಊರೇ ಸಾಕ್ಷಿ ಎಂಬ ಮಾತು ಅದರಲ್ಲಿದೆ. ಆದರೆ ಈ ಪಾಟೀಲ ಯಾರು? ವತನದ ಗೌಡ. ಅವನ ತಂದೆ ಪಾಟೀಲ, ಅವನ ಅಜ್ಜ ಪಾಟೀಲ. ಊರಲ್ಲಿ ಹೆಚ್ಚು ಭೂಮಿ ಅವನ ಕುಲದ್ದು. ಬರೆಯುವ ಕುಲಕರ್ಣಿಯೂ ವತನದವನೇ. ಹೆಣ ಕಾಯುವವನು ಶೆಟಸನದಿ, ವಾಲೀಕಾರ, ತಳವಾರ. ಅವರಿಗೆ ಕೂಡ್ರಲು ಚಾಪೆಯಿಲ್ಲ, ಮಾತಿಗೆ ಬೆಲೆಯಿಲ್ಲ. "ತಿಳುವಳಿಕೆಯುಳ್ಳ ಇಬ್ಬರು" ಎಂದರೆ ಗೌಡನ ಕಟ್ಟೆಯ ಮೇಲೆ ದಿನಾಲು ಕೂಡ್ರುವ ಇಬ್ಬರು ಎಂದೇ ಅರ್ಥ. ಬದುವಿನ ಜಗಳದಲ್ಲಿ ಬಡಿಸಿಕೊಂಡು ಸತ್ತವನು ಗೌಡನ ಎದುರುಪಕ್ಷದವನಾಗಿದ್ದರೆ, ಬಾವಿಗೆ ಬಿದ್ದ ಹೆಣ್ಣುಮಗಳು ಗೌಡನ ವಾಡೇದ ಜೀತದವಳಾಗಿದ್ದರೆ, ವಿಚಾರಣೆ ಮಾಡುವವರು ಯಾರು, ವಿಚಾರಣೆಗೆ ಒಳಗಾಗಬೇಕಾದವರು ಯಾರು? ಎಲ್ಲ ಪಾಟೀಲರೂ ಕೆಟ್ಟವರಿದ್ದರು ಎಂದು ನಾನು ಹೇಳುತ್ತಿಲ್ಲ. ಧೈರ್ಯದಿಂದ ಸತ್ಯ ಬರೆಸಿದವರೂ ಇದ್ದಿರಬೇಕು. ಆದರೆ ನ್ಯಾಯವು ಒಬ್ಬ ಮನುಷ್ಯನ ಒಳ್ಳೆಯತನದ ಮೇಲೆ ನಿಂತರೆ ಅದಕ್ಕೆ ನ್ಯಾಯ ಎನ್ನುವದಿಲ್ಲ, ದಯೆ ಎನ್ನುತ್ತಾರೆ.

ಅದೇ ಕಾಲಕ್ಕೆ ಮುಂಬಯಿ ಶಹರದಲ್ಲಿ ಬೇರೆ ಪದ್ಧತಿ. ಅಲ್ಲಿ ಕಾರೋನರ್ ಎಂಬ ಅಧಿಕಾರಿ ಇದ್ದ. ಇಂಗ್ಲಂಡದಲ್ಲಿ 1194ರಷ್ಟು ಹಿಂದೆ ಹುಟ್ಟಿದ ಹುದ್ದೆ ಅದು. 1871ರಲ್ಲಿ ಕಲಕತ್ತೆಗೂ ಮುಂಬಯಿಗೂ ಕಾರೋನರ್ ಕಾಯಿದೆ ಬಂತು. ಪರಳದ ಗಿರಣಿಯಲ್ಲಿ ಕಾಮಗಾರ ಸತ್ತರೆ ಕಾರೋನರ್ ಸಾಹೇಬ ಜ್ಯೂರಿ ಕೂಡಿಸಿ ವೈದ್ಯರ ಸಾಕ್ಷಿ ತೆಗೆದುಕೊಳ್ಳಬೇಕು. ಆ ಹುದ್ದೆ ಮುಂಬಯಿಯಲ್ಲಿ 1999ರ ವರೆಗೆ ಉಳಿದಿತ್ತು. ಅದೇ ಸರಕಾರದ ಕೈಕೆಳಗೆ, ಅದೇ ರಾಣಿಯ ಪ್ರಜೆಯಾಗಿ ಕಲಾದಗಿ ಜಿಲ್ಲೆಯ ಹಳ್ಳಿಯಲ್ಲಿ ಸತ್ತವನಿಗೆ ಕಾರೋನರನಿಲ್ಲ, ಜ್ಯೂರಿಯಿಲ್ಲ, ಗೌಡನ ಕಟ್ಟೆ ಮಾತ್ರ. ಶಹರದಲ್ಲಿ ಯುರೋಪಿಯನ್ ವ್ಯಾಪಾರಸ್ಥರಿದ್ದರು, ವರ್ತಮಾನಪತ್ರಗಳಿದ್ದವು. ಸಾವಿಗೂ ಠಿಕಾಣಿ ನೋಡಿ ಬೆಲೆ ಕಟ್ಟುವದು ಅಂದಿನಿಂದಲೇ ಬಂದದ್ದು.

ಇನ್ನು ಸರಕಾರವೇ ಕೊಂದರೆ? 1857ರಲ್ಲಿ ಹತಾರ ಒಪ್ಪಿಸಿರಿ ಎಂಬ ಹುಕುಮು ಬಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಫೌಜು ಬಂತು, ಊರಿಗೆ ಬೆಂಕಿ ಬಿತ್ತು, ಹತ್ತೊಂಬತ್ತು ಜನರನ್ನು ಗಲ್ಲಿಗೇರಿಸಿದರು. ಗಲ್ಲಿಗೇರಿದವರ ಲೆಕ್ಕವಾದರೂ ಸಿಕ್ಕುತ್ತದೆ. ಸುಟ್ಟ ಮನೆಗಳ ನಡುವೆ ಬಿದ್ದವರ ಸುತ್ತ ಪಂಚರನ್ನು ಕೂಡಿಸುವವರು ಯಾರು? ಅವರ ಸಾವನ್ನು ಲಾವಣಿಕಾರರು ಹೇಳಿದರು. ಲಾವಣಿಗೆ ಕೋರ್ಟಿನಲ್ಲಿ ಬೆಲೆಯಿಲ್ಲ, ಆದರೆ ನಮ್ಮ ಜನ ಅದನ್ನೇ ನೆನಪಿಟ್ಟರು.

ಹತ್ತೊಂಬತ್ತು ವರುಷದ ಮೇಲೆ ಇದೇ ನೆಲದಲ್ಲಿ ಇನ್ನೊಂದು ತರದ ಸಾವು ಬಂತು. 1876ರಲ್ಲಿ ಮಳೆ ಹೋಯಿತು, 1877ರಲ್ಲಿಯೂ ಸರಿಯಾಗಿ ಬರಲಿಲ್ಲ. 1872ರ ಖಾನೇಸುಮಾರಿಯಲ್ಲಿ ನಮ್ಮ ಜಿಲ್ಲೆಯ ಜನ ಎಂಟು ಲಕ್ಷದ ಮೇಲಿದ್ದರು. 1881ರಲ್ಲಿ ಎಣಿಸಿದಾಗ ಆರೂವರೆ ಲಕ್ಷದ ಒಳಗೆ. ಗುಳೆ ಹೋದವರು ಇದ್ದಾರೆ, ಒಪ್ಪೋಣ. ಆದರೂ ಐದರಲ್ಲಿ ಒಬ್ಬ ಕಾಣೆ! ಬರದ ಕಾಮಗಾರಿಯಲ್ಲಿ ಆಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಲೆಕ್ಕದಲ್ಲಿ, ಅಂದರೆ ಅರ್ಧ ಕಿಲೋಕ್ಕೂ ಕಡಿಮೆ, ಅದರ ಮೇಲೆ ಒಂದಿಷ್ಟು ಚಿಲ್ಲರೆ ಸಾಕೆಂದು ಗೊತ್ತು ಮಾಡಿದವರು ಸರ್ ರಿಚರ್ಡ್ ಟೆಂಪಲ್ ಸಾಹೇಬರು. ಕಲ್ಲು ಒಡೆಯುವ ಆಳಿಗೆ ಇದು! ಅದೇ 1877ರಲ್ಲಿ ಆ ಸಾಹೇಬರು ಮುಂಬಯಿಯ ಗವರ್ನರರಾದರು.

ಈ ಲಕ್ಷಾಂತರ ಸಾವುಗಳಿಗೆ ಯಾವ ಹೆಸರು ಬರೆದರು? ಆಗ ಸರಕಾರದ ಆರೋಗ್ಯ ಖಾತೆಯ ವಾರ್ಷಿಕ ತಖ್ತೆಯಲ್ಲಿ ಸಾವಿಗೆ ಕೆಲವೇ ಮನೆಗಳಿದ್ದವು: ಕಾಲರಾ, ಸಿಡುಬು, ಜ್ವರ, ಭೇದಿ-ಆಮಶಂಕೆ, ಗಾಯ, ಉಳಿದ ಕಾರಣ. ಹಸಿವೆ ಎಂಬ ಮನೆ ಅದರಲ್ಲಿರಲಿಲ್ಲ. ತಿಂಗಳುಗಟ್ಟಲೆ ಬೇರು ಸೊಪ್ಪು ತಿಂದು ಭೇದಿ ಹತ್ತಿ ಸತ್ತವನು ಭೇದಿಯ ಮನೆಗೆ ಹೋದ. ಎಲುಬು ಕಾಣುವ ಮೈಗೆ ಜ್ವರ ಬಂದು ಸತ್ತವನು ಜ್ವರದ ಮನೆಗೆ ಹೋದ. ಬರೆದದ್ದು ಸುಳ್ಳೇ? ಸುಳ್ಳಲ್ಲ. ಭೇದಿಯಿಂದಲೇ ಸತ್ತ. ಆದರೆ ಅದು ನಿಜವೂ ಅಲ್ಲ. ಈ ಉಪಾಯವನ್ನು ಚೆನ್ನಾಗಿ ತಿಳಿದುಕೊಳ್ಳಿರಿ, ಏಕೆಂದರೆ ಅದು 1877ಕ್ಕೆ ಮುಗಿಯಲಿಲ್ಲ. ಸುಳ್ಳು ಬರೆಯದೆ ನಿಜ ಮುಚ್ಚುವ ಸಿದ್ಧ ಶಬ್ದಗಳು ಆಳುವವರ ಕೈಯಲ್ಲಿ ಯಾವಾಗಲೂ ಇರುತ್ತವೆ.

ಇದು ನಮ್ಮ ದೇಶದ್ದಷ್ಟೇ ರೋಗವೆಂದು ತಿಳಿಯಬೇಡಿರಿ. ಅಮೇರಿಕದಲ್ಲಿ ಹಳ್ಳಿಗಾಡಿನಲ್ಲಿಯೂ ಕಾರೋನರ್ ಇದ್ದ, ಪ್ರತಿ ಕೌಂಟಿಗೆ ಅಂದರೆ ನಮ್ಮ ತಾಲೂಕಿನಂಥ ಭಾಗಕ್ಕೆ ಒಬ್ಬ. ಆ ದೇಶದ ತೆಂಕಣ ರಾಜ್ಯಗಳು ನಮ್ಮ ಹಾಗೆಯೇ ಹತ್ತಿ ಬೆಳೆಯುವ ನೆಲ. ದುಡಿಯುವವರು ಕರಿಯರು, 1865ರ ವರೆಗೆ ಗುಲಾಮರು. ಗುಲಾಮ ಸತ್ತರೆ ಅವನ ಹೆಣದ ಸುತ್ತ ಕೂತ ಜ್ಯೂರಿಯಲ್ಲಿ ಇದ್ದವರು ಬಿಳಿಯರು, ನೆರೆಯ ತೋಟದ ಧಣಿಗಳು. ಅವರ ಬಳಿಯೂ ಸಿದ್ಧ ಶಬ್ದಗಳಿದ್ದವು. "ದೇವರ ಇಚ್ಛೆಯಿಂದ ಮರಣ" ಎಂಬುದು ಒಂದು. ಗುಲಾಮಗಿರಿ ಹೋದ ಮೇಲೆ ಕರಿಯನನ್ನು ಹಿಡಿದು ಮರಕ್ಕೆ ನೇತುಹಾಕುವ ಕಾಲ ಬಂತು. ನೂರಾರು ಜನ ಹಾಡುಹಗಲಲ್ಲಿ ನೋಡುತ್ತ ನಿಂತಿರುತ್ತಿದ್ದರು. ಮರುದಿನ ಜ್ಯೂರಿ ಬರೆಯುತ್ತಿದ್ದುದು: "ಅಪರಿಚಿತ ವ್ಯಕ್ತಿಗಳ ಕೈಯಿಂದ ಸತ್ತನು." ಊರಿಗೆ ಊರೇ ಮುಖ ಕಂಡವರು ಕಾಗದದಲ್ಲಿ ಅಪರಿಚಿತರು!

ಅಲ್ಲಿಯದೇ ಒಂದು ಸಂಗತಿ ಹೇಳುತ್ತೇನೆ. ನಮ್ಮಲ್ಲಿ ಬರ ಬಿದ್ದ ಅದೇ 1876ರ ಜುಲೈ 8, ದಕ್ಷಿಣ ಕ್ಯಾರೊಲಿನಾ ರಾಜ್ಯದ ಐಕನ್ ಕೌಂಟಿಯಲ್ಲಿ ಹ್ಯಾಂಬರ್ಗ್ ಎಂಬ ಸಣ್ಣ ಊರು. ಕರಿಯರೇ ಹೆಚ್ಚಾಗಿದ್ದ ಊರು. ಅವರ ಸ್ವಯಂಸೈನಿಕರು ಹತಾರ ಒಪ್ಪಿಸಬೇಕೆಂದು ಬಿಳಿಯರ ಗುಂಪು ಬಂತು, ತೋಪು ತಂದಿತು. ಏಳು ಜನ ಸತ್ತರು, ಅವರಲ್ಲಿ ಆರು ಮಂದಿ ಕರಿಯರು. ಕೆಲವರನ್ನಂತೂ ಸೆರೆ ಹಿಡಿದ ಮೇಲೆ ಒಬ್ಬೊಬ್ಬರನ್ನಾಗಿ ಕರೆದು ಗುಂಡು ಹಾಕಿದರು. ಹೆಣಗಳ ವಿಚಾರಣೆ ಮಾಡಿದವನು ಪ್ರಿನ್ಸ್ ರಿವರ್ಸ್ ಎಂಬ ನ್ಯಾಯಾಧಿಕಾರಿ. ಅವನು ಮೊದಲು ಗುಲಾಮ, ಧಣಿಯ ಸಾರೋಟು ಹೊಡೆಯುತ್ತಿದ್ದವನು. ಗುಲಾಮಗಿರಿಯ ವಿರುದ್ಧದ ಯುದ್ಧದಲ್ಲಿ ಸಾರ್ಜಂಟನಾಗಿ ಕಾದಿದವನು. ಅವನ ಜ್ಯೂರಿ "ಅಪರಿಚಿತರು" ಎಂದು ಬರೆಯಲಿಲ್ಲ. ಎಂಬತ್ತಕ್ಕೂ ಹೆಚ್ಚು ಜನರ ಹೆಸರು ಬರೆಯಿತು, ದೊಡ್ಡ ದೊಡ್ಡ ಮನೆತನದವರ ಹೆಸರು. ಒಬ್ಬನಿಗೂ ಶಿಕ್ಷೆಯಾಗಲಿಲ್ಲ. ಗುಂಪಿನ ಮುಂದಾಳು ಬಟ್ಲರ್ ಮರುವರುಷವೇ ದೇಶದ ಸೆನೆಟಿಗೆ ಹೋದ. ಅದೇ ಗುಂಪಿನಲ್ಲಿದ್ದ ಟಿಲ್ಮನ್ ಎಂಬವನು 1890ರಲ್ಲಿ ಆ ರಾಜ್ಯದ ಗವರ್ನರನಾದ, ಆಮೇಲೆ ಸೆನೆಟಿನಲ್ಲಿ ನಿಂತು ಹಳೆಯ ಕೊಲೆಗಳ ಜಂಬ ಕೊಚ್ಚಿದ. ರಿವರ್ಸ್ ಮತ್ತೆ ಸಾರೋಟಿನ ಚಾಬೂಕು ಹಿಡಿದ.

ಹಾಗಾದರೆ ಆ ಪಂಚನಾಮೆ ವ್ಯರ್ಥವಾಯಿತೆ? ನಾನು ಹಾಗೆ ಎಣಿಸುವದಿಲ್ಲ. ಕೊಂದವರು ಯಾರೆಂದು ನೂರೈವತ್ತು ವರುಷದ ಮೇಲೆ ಕಾಖಂಡಕಿಯಲ್ಲಿ ನಿಂತು ನಾನು ಹೆಸರು ಹಿಡಿದು ಹೇಳಲಿಕ್ಕೆ ಬಂತಲ್ಲ! ನಮ್ಮ ಜಿಲ್ಲೆಯಲ್ಲಿ ಅದೇ ವರುಷ ಸತ್ತವರಲ್ಲಿ ಒಬ್ಬನನ್ನು ಕೊಂದವರ ಹೆಸರನ್ನೂ ನಾನು ಹೇಳಲಾರೆ.

ಈಗ ನಮ್ಮ ಕಾಲಕ್ಕೆ ಬರೋಣ. 1961ರಲ್ಲಿ ಗ್ರಾಮಾಧಿಕಾರಗಳ ರದ್ದತಿಯ ಕಾಯಿದೆಯಾಗಿ 1963ರ ಫೆಬ್ರುವರಿ 1ರಿಂದ ಪಾಟೀಲಕಿ, ಕುಲಕರ್ಣಿಕಿ ಹೋದವು. ಒಳ್ಳೆಯದಾಯಿತು. ಆದರೆ ಗೌಡನ ಕಟ್ಟೆಯಿಂದ ಎದ್ದ ಪಂಚರು ಊರಿನ ಪಂಚರಾಗಲಿಲ್ಲ, ಠಾಣೆಯ ಪಂಚರಾದರು. ಫೌಜದಾರರ ಜೀಪು ಬಂತೆಂದರೆ ಬಾಜಾರದಲ್ಲಿ ಅಂಗಡಿಯ ಬಾಗಿಲು ದಡದಡ ಬೀಳುತ್ತವೆ. ಏಕೆ? ಪಂಚನಾದರೆ ಕೋರ್ಟಿಗೆ ಅಲೆಯಬೇಕು, ವ್ಯಾಪಾರ ಕೆಡುತ್ತದೆ ಎಂಬ ಭಯ. ಹೀಗಾಗಿ ಠಾಣೆಯ ಮುಂದಿನ ಚಹದ ಅಂಗಡಿಯಲ್ಲಿ ಕೂಡ್ರುವ ಇಬ್ಬರೇ ಎಲ್ಲ ಊರಿಗೂ ಪಂಚರು. ಅವರಿಗೆ ಸತ್ತವನ ಪರಿಚಯವಿಲ್ಲ, ಸತ್ತವನ ಮನೆ ಗೊತ್ತಿಲ್ಲ, ಪೆನ್ನು ಮಾತ್ರ ಸಿದ್ಧ.

ಅಂಗಡಿಕಾರ ಮಿತ್ರರೆ, ಕಾಯಿದೆ ನಿಮ್ಮ ಭಯಕ್ಕೂ ಉತ್ತರ ಇಟ್ಟಿದೆ. ವಿಚಾರಣೆಯಲ್ಲಿ ದೊಡ್ಡ ಅಪರಾಧ ಕಾಣದಿದ್ದರೆ ಪಂಚರನ್ನು ಮ್ಯಾಜಿಸ್ಟ್ರೇಟರ ಕೋರ್ಟಿಗೆ ಬರಹೇಳಬಾರದು. ಅಪರಾಧ ಕಂಡರೆ ಹೋಗಬೇಕಾದೀತು, ನಿಜ. ನೆರೆಮನೆಯವನ ಖೂನಿಗೆ ಒಂದು ದಿನದ ವ್ಯಾಪಾರ ಹೆಚ್ಚೇ? ಇನ್ನೊಂದು ಮಾತು ಕಾಯಿದೆಯಲ್ಲೇ ಇದೆ, ಅದನ್ನು ನಾನು ಎಷ್ಟು ಊರಲ್ಲಿ ಹೇಳಿದರೂ ಜನ ನಂಬುವದಿಲ್ಲ. ಆ ವರದಿಗೆ ಪೊಲೀಸ್ ಅಧಿಕಾರಿಯೂ ಪಂಚರೂ ರುಜು ಮಾಡಬೇಕು, ಇಲ್ಲವೆ ಪಂಚರಲ್ಲಿ ಯಾರು ಯಾರು ಅದಕ್ಕೆ ಒಪ್ಪುತ್ತಾರೋ ಅವರಷ್ಟೇ ಮಾಡಬೇಕು. ಒಪ್ಪುತ್ತಾರೋ ಅವರಷ್ಟೇ! ಅಂದರೆ ಒಪ್ಪದವನು ರುಜು ಮಾಡಬೇಕಾಗಿಲ್ಲ. "ನಾನು ಹೆಣದ ಕುತ್ತಿಗೆಯ ಮೇಲೆ ಗುರುತು ಕಂಡೆ, ನೀವು ಬರೆದಿಲ್ಲ, ನಾನು ಒಪ್ಪುವದಿಲ್ಲ" ಎನ್ನುವ ಹಕ್ಕನ್ನು ಇಂಗ್ಲಿಷರ ಕಾಯಿದೆಯೇ ಕೊಟ್ಟಿತ್ತು, ನಾವು ಬಳಸಲಿಲ್ಲ.

ನಾನು ಶಾಲೆಯಲ್ಲಿ ಮಾಸ್ತರನಾಗಿದ್ದಾಗ ಅಕ್ಷರ ದುಂಡಗಿದೆ ಎಂದು ಪಂಚನಾಮೆ ಬರೆಯಲಿಕ್ಕೆ ನನ್ನನ್ನು ಕರೆಯುತ್ತಿದ್ದರು. ಹೇಳಿ ಬರೆಸುವವರ ಬಾಯಲ್ಲಿ ಬರುವ ವಾಕ್ಯಗಳು ನಾಲ್ಕೈದೇ. "ಹೊಟ್ಟೆನೋವು ತಾಳಲಾರದೆ ಬಾವಿಗೆ ಬಿದ್ದು." "ಜೀವನದಲ್ಲಿ ಜಿಗುಪ್ಸೆಗೊಂಡು ಔಷಧ ಕುಡಿದು." "ಅಕಸ್ಮಾತ್ ಕಾಲು ಜಾರಿ." "ಸ್ಟೋ ಸಿಡಿದು." ನಮ್ಮ ಜಿಲ್ಲೆಯ ಹೆಣ್ಣುಮಕ್ಕಳಿಗೆ ಮಾತ್ರ ಇಷ್ಟೊಂದು ಹೊಟ್ಟೆನೋವು ಎಲ್ಲಿಂದ ಬಂತು, ಯಾವ ವೈದ್ಯನಿಗೂ ಹೇಳಲಾರದ ಹೊಟ್ಟೆನೋವು? ಅಮೇರಿಕದ "ದೇವರ ಇಚ್ಛೆ"ಗೂ ನಮ್ಮ "ಹೊಟ್ಟೆನೋವಿ"ಗೂ ಅಂತರವೇನಿದೆ ಹೇಳಿರಿ.

ಹೆಣ್ಣುಮಕ್ಕಳು ದೇಶದ ತುಂಬ ಚಳವಳಿ ಮಾಡಿದ್ದರಿಂದ 1983ರಲ್ಲಿ ಈ ಕಲಮಿಗೆ ತಿದ್ದುಪಡಿ ಬಂತು. ಲಗ್ನವಾಗಿ ಏಳು ವರುಷದೊಳಗೆ ಹೆಂಗಸು ಆತ್ಮಹತ್ಯೆ ಮಾಡಿಕೊಂಡರೆ, ಇಲ್ಲವೆ ಸಂಶಯ ಬರುವಂತೆ ಸತ್ತರೆ, ಪೊಲೀಸರ ಪಂಚನಾಮೆಯಷ್ಟೇ ಸಾಲದು, ಮ್ಯಾಜಿಸ್ಟ್ರೇಟರೇ ವಿಚಾರಣೆ ಮಾಡಬೇಕು. ನಮ್ಮಲ್ಲಿ ತಹಶೀಲ್ದಾರರು ಬರುವದು ಅದಕ್ಕೇ. ಠಾಣೆಯಲ್ಲಿ ಪೊಲೀಸರ ವಶದಲ್ಲಿದ್ದಾಗ ಸತ್ತರೆ ಕೋರ್ಟಿನ ಮ್ಯಾಜಿಸ್ಟ್ರೇಟರು ವಿಚಾರಣೆ ಮಾಡಬೇಕೆಂದು 2005ರ ತಿದ್ದುಪಡಿ. ತಾಯಂದಿರೆ, ತೌರುಮನೆಯವರು ಬರುವ ತನಕ ಕಾಯಿರಿ ಎಂದು ಗಟ್ಟಿಯಾಗಿ ಹೇಳಿರಿ. ಹೆಣ ಬೇಗ ಎತ್ತಬೇಕೆಂದು ಅವಸರ ಮಾಡುವವರು ಯಾರು ಎಂಬುದನ್ನೂ ನೋಡಿಕೊಳ್ಳಿರಿ.

ಗಿರಣಿಯ ಬಂಧುಗಳಿಗೆ ಬೇರೆ ಮಾತು. 1881ರಲ್ಲಿ ಮೊದಲನೆಯ ಫ್ಯಾಕ್ಟರಿ ಕಾಯಿದೆ ಬಂತು, ಯಂತ್ರಕ್ಕೆ ಬೇಲಿ ಹಾಕಬೇಕೆಂದಿತು. ಆದರೆ ಅದು ನೂರು ಜನ ದುಡಿಯುವ, ವರುಷಕ್ಕೆ ನಾಲ್ಕು ತಿಂಗಳಿಗಿಂತ ಹೆಚ್ಚು ನಡೆಯುವ ಕಾರಖಾನೆಗೆ ಮಾತ್ರ. ಹತ್ತಿಯ ಹಂಗಾಮಿನಲ್ಲಿ ತೆರೆದು ಮುಚ್ಚುವ ನಮ್ಮ ಜಿನ್ನು ಅದರಿಂದ ತಪ್ಪಿಸಿಕೊಂಡಿತು. 1923ರಲ್ಲಿ ನಷ್ಟಪರಿಹಾರದ ಕಾಯಿದೆ ಬಂದ ಮೇಲೆ ಪಂಚನಾಮೆಯ ಒಂದೊಂದು ಶಬ್ದಕ್ಕೂ ರೂಪಾಯಿಯ ಬೆಲೆ ಬಂತು. "ಕೆಲಸದ ಹೊತ್ತಿನಲ್ಲಿ ಪಟ್ಟೆಗೆ ಸಿಕ್ಕು" ಎಂದು ಬರೆದರೆ ವಿಧವೆಗೆ ಪರಿಹಾರ. "ಗಿರಣಿಯ ಆವಾರದಲ್ಲಿ ಅಕಸ್ಮಾತ್ ಬಿದ್ದು" ಎಂದು ಬರೆದರೆ ಮಾಲಕರ ವಕೀಲನಿಗೆ ಹಬ್ಬ. ಆದ್ದರಿಂದ ಯಂತ್ರ ನಿಂತ ಜಾಗ, ಬೇಲಿ ಇತ್ತೋ ಇಲ್ಲವೋ, ಯಾವ ಪಾಳಿ, ಎಷ್ಟು ತಾಸು ದುಡಿದಿದ್ದ, ಇವನ್ನು ಕಂಡ ಕಾಮಗಾರರೇ ಪಂಚರ ಮುಂದೆ ಹೇಳಬೇಕು. ಮಾಲಕರ ಗುಮಾಸ್ತನನ್ನು ಪಂಚನೆಂದು ಕೂಡಿಸಿದರೆ ಅಲ್ಲಿಯೇ ತಕರಾರು ಮಾಡಿರಿ.

ಒಕ್ಕಲಿಗನ ಸಾವಿಗೂ ಹೀಗೆಯೇ. ಸಾಲದಿಂದ ಸತ್ತನೆಂದು ಮೊದಲ ಕಾಗದದಲ್ಲಿ ಇಲ್ಲದಿದ್ದರೆ, ಮುಂದೆ ಪರಿಹಾರ ಕೊಡುವ ಸಮಿತಿಯ ಎದುರು ಅವನ ಹೆಂಡತಿ ಏನು ತೋರಿಸಬೇಕು? ಹೊಟ್ಟೆನೋವನ್ನೇ?

ಒಂದು ಎಚ್ಚರಿಕೆಯ ಮಾತೂ ಹೇಳಬೇಕು. ಪಂಚನಾಮೆಯೇ ತೀರ್ಪಲ್ಲ. ಯಾರು ಹೊಡೆದರು, ಏಕೆ ಹೊಡೆದರು ಎಂಬುದೆಲ್ಲ ಅದರಲ್ಲಿ ಬರಬೇಕಾಗಿಲ್ಲ. ಮೇಲ್ನೋಟಕ್ಕೆ ಸಾವಿನ ಕಾರಣವೇನು, ಮೈಮೇಲೆ ಎಂಥ ಗಾಯ, ಎಂಥ ಹತಾರದಿಂದ ಆಗಿರಬಹುದು, ಇಷ್ಟೇ ಅದರ ಕೆಲಸ ಎಂದು ಸುಪ್ರೀಂ ಕೋರ್ಟು 1975ರಲ್ಲಿಯೇ ಹೇಳಿದೆ. ಆದ್ದರಿಂದ ಊರಿನ ಹಗೆ ತೀರಿಸಲು ಕಾಣದವನ ಹೆಸರು ಬರೆಸಬೇಡಿರಿ. ಅದೂ ಪಾಟೀಲನ ಕಟ್ಟೆಯ ಕೆಲಸವೇ ಆದೀತು. ಕಂಡ ಗಾಯವನ್ನು ಕಂಡಂತೆ ಬರೆಸಿರಿ, ಎಡಗೈಗೆ ಆದದ್ದನ್ನು ಬಲಗೈ ಎನ್ನಬೇಡಿರಿ, ಬಾವಿಯ ನೀರು ಎಷ್ಟು ಆಳವೆಂದು ಅಳೆದು ಬರೆಸಿರಿ. ಮೊಣಕಾಲು ನೀರಿನಲ್ಲಿ ಮುಳುಗಿ ಸತ್ತವರ ಕಾಗದಗಳು ಬೇಕಾದಷ್ಟು ಆಗಿ ಹೋಗಿವೆ.

ಪಂಚನಾಮೆಯ ಖಾಲಿ ನಮೂನೆ ತಂದಿದ್ದೇನೆ. ದೊಡ್ಡದಾಗಿ ಬರೆಸಿ ಈ ಗೋಡೆಗೆ ಹಚ್ಚಿದ್ದೇವೆ. ಓದು ಬಂದವರು ಒಂದೊಂದೇ ಮನೆಯನ್ನು ಗಟ್ಟಿಯಾಗಿ ಓದಿರಿ, ಓದು ಬಾರದವರು ನಡುವೆ ತಡೆದು ಕೇಳಿರಿ. ಹೆಬ್ಬೆರಳು ಒತ್ತುವವರು ಮೊದಲು ಮುಂದೆ ಬರಲಿ, ಅಂಗಡಿಯವರು ಅವರ ಹಿಂದೆ ಕೂಡ್ರಲಿ.